ದೊಡ್ಡಪತ್ರೆಗೆ ಹಾಕಬೇಕು

ನಮ್ಮ ಹಿತ್ತಿಲ ದೊಡ್ಡಪತ್ರೆಗೆ ಈಚೆಗೆ ಬಹಳ ಬೇಡಿಕೆ ಬಂದಿದೆ. ಯಾವುದೋ ವಾರಪತ್ರಿಕೆಯಲ್ಲಿ ಅದರ ಗುಣಗಳನ್ನೆಲ್ಲ ಬರೆದಿದ್ದರಂತೆ. ಕೆಮ್ಮಿಗೆ, ನೆಗಡಿಗೆ, ಅಜೀರ್ಣಕ್ಕೆ, ತುರಿಕೆಗೆ, ಕೂದಲಿಗೆ, ಕೊನೆಗೆ ಮನಸ್ಸಿನ ನೆಮ್ಮದಿಗೂ ಅದು ಒಳ್ಳೆಯದಂತೆ. ಪಕ್ಕದ ಮನೆಯ ಸೊಸೆ ಆ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದಳು. ಓದಲಾ ಅಜ್ಜಿ ಎಂದಳು. ಬೇಡ, ಎಲೆ ಯಾರಿಗೆ ಹೇಳು ಎಂದೆ. ಮಗನಿಗೆ ಕೆಮ್ಮು ಎಂದಳು. ಹಾಗಾದರೆ ಅವನನ್ನು ಕರೆದುಕೊಂಡು ಬಾ, ನನ್ನ ಮುಂದೆ ಒಂದು ಸಲ ಕೆಮ್ಮಲಿ, ಆಮೇಲೆ ಎಲೆ ಕೊಡುತ್ತೇನೆ ಎಂದೆ. ಮುದುಕಿಗೆ ಅರಳುಮರಳು ಎಂದುಕೊಂಡಳೋ ಏನೋ, ಮುಖ ಸಣ್ಣದು ಮಾಡಿಕೊಂಡು ಹೋದಳು.

ಆ ಹಾಳೆಯಲ್ಲಿ ಬರೆದದ್ದು ಸುಳ್ಳು ಎಂದು ನಾನು ಹೇಳುವುದಿಲ್ಲ. ದೊಡ್ಡಪತ್ರೆ ಒಳ್ಳೆಯ ಗಿಡ. ನಾನು ಮೊಮ್ಮಕ್ಕಳಿಗೂ ಅದರ ರಸ ಹಾಕಿದ್ದೇನೆ. ನನ್ನ ಸಿಟ್ಟು ಇರುವುದು ಬೇರೆ ಕಡೆ. ಇದಕ್ಕೆ ಒಳ್ಳೆಯದು, ಅದಕ್ಕೆ ಒಳ್ಳೆಯದು ಎಂದು ಬರೆಯುವವರು ಯಾವುದಕ್ಕೆ ಅದು ಸಾಲದು ಎಂದು ಬರೆಯುವುದೇ ಇಲ್ಲ. ನನಗೆ ಆ ಗಿಡವನ್ನು ಕಲಿಸಿದ ಹೆಂಗಸು ಮೊದಲು ಅದನ್ನೇ ತಿಳಿದುಕೊಂಡಿದ್ದರು. ಅವರು ನನ್ನ ಅತ್ತೆ. ಅವರೊಂದಿಗೆ ನಾನು ಆಡಿದ ಜಗಳಕ್ಕೆ ಲೆಕ್ಕವಿಲ್ಲ.

ನಾನು ಹುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ, ಹೊಳೆಗೆ ಹೋಗುವ ಒಂದು ಬೀದಿಯಲ್ಲಿ. ಅಪ್ಪನಿಗೆ ಗಂಜಾಮಿನ ಕಡೆ ಗದ್ದೆಯಿತ್ತು. ಎರಡು ಹೊತ್ತೂ ಅನ್ನ ಉಂಡು, ನಾಲ್ಕು ಅಕ್ಷರ ಕಲಿತು ಬೆಳೆದವಳನ್ನು ನಾಗಮಂಗಲ ಸೀಮೆಗೆ, ಹೊಣಕೆರೆ ಹತ್ತಿರದ ಒಂದು ಹಳ್ಳಿಗೆ ಕೊಟ್ಟರು. ಆಗ ಕನ್ನಂಬಾಡಿ ಕಟ್ಟೆ ಮುಗಿದು ಮಂಡ್ಯದ ಕಡೆ ನಾಲೆಯ ನೀರು ಹರಿಯಲು ಶುರುವಾಗಿ ಬಹಳ ಕಾಲವಾಗಿರಲಿಲ್ಲ. ನಮ್ಮ ಹಳ್ಳಿಗೆ ಆ ನೀರು ಬರಲಿಲ್ಲ. ಅಲ್ಲಿ ಮಳೆ ಬಂದರೆ ಕೆರೆ, ಕೆರೆ ತುಂಬಿದರೆ ಗದ್ದೆ, ಇಲ್ಲದಿದ್ದರೆ ಹೊಲದ ರಾಗಿ, ಹುರುಳಿ, ಅವರೆ. ಮನೆ ದೊಡ್ಡದು, ಹಟ್ಟಿ ತುಂಬ ದನ, ಕೈತುಂಬ ಕೆಲಸ. ನಾನು ಮುದ್ದೆ ನುಂಗುವುದನ್ನು ಕಲಿತದ್ದೇ ಅಲ್ಲಿ, ಅದೂ ಅತ್ತು ಅತ್ತು.

ಆ ಮನೆಯ ಬಚ್ಚಲ ನೀರು ಹಿತ್ತಿಲಿಗೆ ಹರಿಯುವ ಜಾಗದಲ್ಲಿ ದೊಡ್ಡಪತ್ರೆ ಮೊಣಕಾಲೆತ್ತರಕ್ಕೆ ಹಬ್ಬಿಕೊಂಡಿತ್ತು. ದಪ್ಪ ದಪ್ಪ ಎಲೆ, ಮೇಲೆ ನವಿರಾದ ರೋಮದಂಥ ಸುಂಕು, ಮುಟ್ಟಿದರೆ ಸಾಕು ಕೈಗೆಲ್ಲ ಓಮಿನ ಕಾಳಿನ ಘಾಟು. ಆ ವಾಸನೆ ನನಗೆ ಆಗುತ್ತಿರಲಿಲ್ಲ. ಅತ್ತೆಯ ಕೈ, ಸೆರಗು, ಅವರು ಮಗುವನ್ನು ಎತ್ತಿಕೊಂಡರೆ ಮಗುವಿನ ತಲೆ, ಎಲ್ಲವೂ ಅದೇ ವಾಸನೆ. ಅಡಿಗೆಮನೆಯಲ್ಲೂ ಅದನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಮಾಗಿಯ ದಿನಗಳಲ್ಲಿ ಹಸಿಮೆಣಸಿನಕಾಯಿ, ಹುಣಸೆಹಣ್ಣು, ಹುರಿಗಡಲೆ, ಒಂದಿಷ್ಟು ತೆಂಗಿನಕಾಯಿ ಜೊತೆ ಆ ಎಲೆಯನ್ನು ಬಾಡಿಸಿ ಅರೆದ ಚಟ್ನಿ ವಾರದಲ್ಲಿ ಹಲವು ಸಲ ತಟ್ಟೆಗೆ ಬೀಳುತ್ತಿತ್ತು.

ಮದ್ದಿಗೆ ಅದನ್ನು ಬಳಸುವ ರೀತಿ ಬೇರೆ. ಮೈಮೇಲೆ ಪಿತ್ತದ ಗಂದೆ ಎದ್ದು ತುರಿಸಿಕೊಳ್ಳುತ್ತ ಬಂದವರಿಗೆ ಎಲೆಯನ್ನು ಕೈಯಲ್ಲೇ ಕಿವುಚಿ ಮೈಗೆಲ್ಲ ತಿಕ್ಕಿ ಕಂಬಳಿ ಹೊದಿಸಿ ಕೂರಿಸುತ್ತಿದ್ದರು. ಹೊಟ್ಟೆ ಉಬ್ಬರಿಸಿದವರಿಗೆ ಒಂದು ಎಲೆಯಲ್ಲಿ ಎರಡು ಹರಳು ಉಪ್ಪು, ಚಿಟಿಕೆ ಜೀರಿಗೆ ಸುತ್ತಿ ಅಗಿಯಲು ಕೊಡುತ್ತಿದ್ದರು. ಓಡಾಡುವ ಮಕ್ಕಳಿಗೆ ಕಫ ಕಟ್ಟಿದರೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಬಿಸಿಯಿರುವಾಗಲೇ ಹಿಂಡಿ, ಆ ರಸಕ್ಕೆ ನಾಲ್ಕು ಹನಿ ಜೇನು ಬೆರೆಸಿ ಹಾಕುತ್ತಿದ್ದರು. ಹಿಂಡಿದ ಎಲೆಯನ್ನೂ ಬಿಸಾಡುತ್ತಿರಲಿಲ್ಲ, ಮಗುವಿನ ನೆತ್ತಿಗೆ ಇಡುತ್ತಿದ್ದರು. ಹಲ್ಲು ಬಾರದ ಕೂಸುಗಳಿಗೆ ಮಾತ್ರ ಏನನ್ನೂ ಹಾಕುತ್ತಿರಲಿಲ್ಲ. ಎಷ್ಟು ಬೇಡಿಕೊಂಡರೂ ಇಲ್ಲ.

ಊರಿನಲ್ಲಿ ಆ ಗಿಡ ಬೇರೆಯವರ ಮನೆಯಲ್ಲೂ ಇತ್ತು. ಕೇಳಿ ತಂದ ಕಡ್ಡಿಗಿಂತ ಕದ್ದು ತಂದ ಕಡ್ಡಿ ಚೆನ್ನಾಗಿ ಹತ್ತುತ್ತದೆ ಎಂದು ಎಲ್ಲರೂ ನಂಬಿದ್ದರಿಂದ, ನಮ್ಮ ಹಿತ್ತಿಲ ಕಡ್ಡಿ ಮುರಿದುಕೊಂಡು ಹೋಗದ ಮನೆ ಇರಲಿಲ್ಲ. ಕದಿಯುವವರು ಬಂದಾಗ ಅತ್ತೆ ಬೇಕೆಂದೇ ಒಳಗೆ ಹೋಗಿ ಏನಾದರೂ ಬೀಸುತ್ತ ಕೂರುತ್ತಿದ್ದರು. ಆದರೂ ಕೆಮ್ಮು ಬಂದರೆ ಜನ ನಮ್ಮ ಮನೆಗೇ ಬರುತ್ತಿದ್ದರು. ಯಾಕೆಂದರೆ ಅತ್ತೆ ಮೊದಲು ಕೆಮ್ಮು ಕೇಳುತ್ತಿದ್ದರು. "ಎಲ್ಲಿ, ಕೆಮ್ಮು, ಕೇಳಾನ" ಎಂದು ಹಟ್ಟಿಯ ಕಲ್ಲಿನ ಮೇಲೆ ಕೂರಿಸಿ ಬೆನ್ನಿಗೆ ಕಿವಿಕೊಡುತ್ತಿದ್ದರು. ಒಂದು ಸಲ ಊರಿನ ಪಟೇಲರೇ ಬಂದಿದ್ದರು. ನಾಲ್ಕು ಜನರ ಎದುರಿಗೆ ಕೆಮ್ಮಿ ತೋರಿಸಲು ಅವರಿಗೆ ನಾಚಿಕೆ, ಎಷ್ಟು ಹೊತ್ತಾದರೂ ಕೆಮ್ಮು ಬರಲೊಲ್ಲದು. ಅತ್ತೆ ಅವರನ್ನು ಕೆಮ್ಮು ಬರುವವರೆಗೆ ಹಾಗೇ ಕೂರಿಸಿದರು. ಕೇಳಿದ ಮೇಲೆ ಕೆಲವರಿಗೆ ಎಲೆ ಕೊಡುತ್ತಿದ್ದರು, ಕೆಲವರಿಗೆ "ಇದ್ಕಲ್ಲ, ನೀ ನಾಗಮಂಗ್ಲಕ್ಕೋಗು" ಎಂದು ಅಲ್ಲಿನ ಆಸ್ಪತ್ರೆಗೆ ಕಳಿಸುತ್ತಿದ್ದರು. ಯಾಕೆ ಹೀಗೆ, ಯಾರು ಕಲಿಸಿದರು ಎಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ.

ನನಗೆ ಇದೆಲ್ಲ ದೊಡ್ಡ ಆಟದಂತೆ ಕಾಣುತ್ತಿತ್ತು. ಪಟ್ಟಣದಲ್ಲಿ ಹುಟ್ಟಿದವಳು, ಸೀಸೆಯ ಔಷಧಿ ಕಂಡವಳು ಎಂಬ ಜಂಬ ನನಗೆ. ಆ ಸೊಪ್ಪಿಗೆ ನಾನು ಬಚ್ಚಲ ಸೊಪ್ಪು ಎಂದು ಹೆಸರಿಟ್ಟಿದ್ದೆ. ಒಂದು ದಿನ ಅದು ಅವರ ಕಿವಿಗೇ ಬಿತ್ತು. "ಬಚ್ಲು ನಿಮ್ಮಪ್ಪನ ಮನೇಲೂ ಅದೆಯಲ್ಲವ್ವ, ಸೊಪ್ಪೆಲ್ಲಿ?" ಎಂದರು. ಅವರೊಂದಿಗೆ ನಾಲ್ಕು ದಿನ ಮಾತು ಬಿಟ್ಟೆ.

ನನ್ನ ಮಗಳು ಮಾತು ಕಲಿಯುತ್ತಿದ್ದ ವಯಸ್ಸು. ಸುಗ್ಗಿ ಮುಗಿದು ಕಣದ ಕೆಲಸ ನಡೆಯುತ್ತಿತ್ತು, ಮಾಗಿಯ ಚಳಿ ಬಲವಾಗಿತ್ತು. ಮಗುವಿಗೆ ಜ್ವರ ಬಂತು. ಮೊದಲ ದಿನ ಮೂಗು ಸೋರುತ್ತಿತ್ತು, ಒಂದಿಷ್ಟು ಕೆಮ್ಮಿತ್ತು. ಅತ್ತೆ ಬೆನ್ನಿಗೆ ಕಿವಿಯಿಟ್ಟು ಕೇಳಿ ರಸ ಹಾಕಿದರು. ನಾನು ಮುಖ ಊದಿಸಿಕೊಂಡೇ ಮಗುವನ್ನು ಹಿಡಿದುಕೊಂಡಿದ್ದೆ. ಮಾರನೆಯ ದಿನ ಮಗು ಹಾಲನ್ನೂ ನುಂಗಲೊಲ್ಲದು. ಕತ್ತು ಊದಿಕೊಂಡಿತ್ತು. ಉಸಿರು ಒಳಗೆ ಎಳೆದಾಗಲೆಲ್ಲ ಎಣ್ಣೆ ಕಾಣದ ರಾಟೆ ಕಿರುಗುಟ್ಟಿದ ಹಾಗೆ ಸದ್ದು ಬರುತ್ತಿತ್ತು.

ಅತ್ತೆ ಕೆಂಡದ ಮೇಲೆ ಎಲೆ ಬಾಡಿಸಿಕೊಂಡು ಬಂದವರು ಆ ಸದ್ದು ಕೇಳಿ ನಿಂತರು. ಎಲೆಯನ್ನು ನೆಲದ ಮೇಲಿಟ್ಟು ಮಗುವಿನ ಬೆನ್ನಿಗೆ ಕಿವಿಕೊಟ್ಟರು. ಆಮೇಲೆ ಎದೆಗೆ. ಆಮೇಲೆ ಗಂಟಲಿಗೆ. ಬಹಳ ಹೊತ್ತು ಕೇಳಿದರು.

"ಇದು ಎದೆ ಸದ್ದಲ್ಲ, ಗಂಟ್ಲ ಸದ್ದು. ಇದ್ಕೆ ನನ್ತಾವ ಏನೂ ಇಲ್ಲ. ಈಗ್ಲೇ ಗಾಡಿ ಕಟ್ಸಿ ನಾಗಮಂಗ್ಲಕ್ಕೆ ಕರ್ಕಂಡೋಗಿ" ಎಂದರು.

ನನ್ನ ಯಜಮಾನರು ಆ ವಾರ ಎತ್ತು ನೋಡಲು ಸಿಂಧಘಟ್ಟದ ನೆಂಟರ ಮನೆಗೆ ಹೋಗಿದ್ದರು. ಮನೆಯಲ್ಲಿ ಗಂಡಸೆಂದರೆ ಮಾವ ಒಬ್ಬರೇ. ಮಾವನ ವಿಷಯ ಇಲ್ಲಿ ಒಂದು ಮಾತು ಹೇಳಬೇಕು. ಅವರು ಯಾರಿಗೂ ಕೆಟ್ಟದ್ದು ಬಯಸದ ಮನುಷ್ಯ, ಆದರೆ ಕಿವಿ ಮಂದ. ಕಿವಿ ಮಂದ ಎಂದು ಅವರು ಒಪ್ಪಿಕೊಳ್ಳುತ್ತಿರಲಿಲ್ಲ, ನಾವೂ ಹೇಳುತ್ತಿರಲಿಲ್ಲ. ಊಟಕ್ಕೆ ಬನ್ನಿ ಎಂದರೆ "ಮೋಡ ಆಗದೆ, ಮಳೆ ಬತ್ತದೆ ಬತ್ತದೆ" ಎನ್ನುತ್ತಿದ್ದರು. ಕೇಳಿದ ಅರ್ಧಕ್ಕೆ ಇನ್ನರ್ಧವನ್ನು ತಾವೇ ಸೇರಿಸಿಕೊಂಡು ಗಂಭೀರವಾಗಿ ತಲೆಯಾಡಿಸುವುದು ಅವರ ರೂಢಿ. ಮನೆಯ ಯಜಮಾನನಿಗೆ ಇನ್ನೊಂದು ಸಲ ಹೇಳುವುದು ಅಮರ್ಯಾದೆ ಎಂದು ನಾವೂ ಸುಮ್ಮನಾಗುತ್ತಿದ್ದೆವು. ಅದರಿಂದ ಅಲ್ಲಿಯವರೆಗೆ ಯಾರಿಗೂ ಏನೂ ಕೆಟ್ಟಿರಲಿಲ್ಲ. ಒಳಗೊಳಗೇ ನಗುತ್ತಿದ್ದೆವು, ಅಷ್ಟೆ.

ನಾಗಮಂಗಲದ ಆಸ್ಪತ್ರೆಯಲ್ಲಿ ಜನವೋ ಜನ. ನಾನು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದೆ. ಡಾಕ್ಟರು ಹೊಸಬರು, ಮೆತ್ತಗೆ ಮಾತಾಡುವವರು. ತಾವೇ ಹೊರಗೆ ಬಂದು, ಮಗುವಿನ ಮುಖವನ್ನು ಬಿಸಿಲಿಗೆ ತಿರುಗಿಸಲು ಹೇಳಿ, ಚಮಚದ ಹಿಡಿಯಿಂದ ನಾಲಗೆ ಒತ್ತಿ ಗಂಟಲು ನೋಡಿದರು. ನೋಡಿದವರು ಹುಬ್ಬು ಗಂಟಿಕ್ಕಿಕೊಂಡು ಮಾವನನ್ನು ಒಳಗೆ ಕರೆದರು. ಅಷ್ಟು ಹೊತ್ತಿಗೆ ಹೆರಿಗೆಯ ನೋವು ತಿನ್ನುತ್ತಿದ್ದ ಹೆಂಗಸೊಬ್ಬಳನ್ನು ಗಾಡಿಯಲ್ಲಿ ತಂದು ಇಳಿಸಿದರು, ಗದ್ದಲವಾಯಿತು. ಒಳಗೆ ಡಾಕ್ಟರು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಮಾವ "ಆಯ್ತು ಸ್ವಾಮಿ, ಆಯ್ತು ಸ್ವಾಮಿ" ಎನ್ನುವುದು ಮಾತ್ರ ಕೇಳಿಸಿತು. ಡಾಕ್ಟರು ಹೆರಿಗೆಯ ಹೆಂಗಸಿನ ಕಡೆ ಓಡಿದರು.

ಮಾವ ಹೊರಗೆ ಬಂದಾಗ ಅವರ ಮುಖ ಹಗುರವಾಗಿತ್ತು. "ಏನೂ ಗಾಬ್ರಿ ಇಲ್ಲ ಕಣವ್ವ. ದೊಡ್ಡಪತ್ರೆ ಆಕ್ಬೇಕಂತೆ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಇಷ್ಟು ದೂರ ಗಾಡಿ ಕುಲುಕಿಸಿಕೊಂಡು ಬಂದದ್ದು ಈ ಮಾತಿಗೆ? ಹಳ್ಳಿಯವರೆಂದು ಡಾಕ್ಟರು ನಮ್ಮನ್ನು ಸಾಗಹಾಕಿದರು ಎಂದುಕೊಂಡೆ. ದಾರಿಯುದ್ದಕ್ಕೂ ಅವರನ್ನು ಮನಸ್ಸಿನಲ್ಲೇ ಬಯ್ದೆ. ಪಾಪ, ಅವರು ತಮಗೆ ಎಂದೂ ಗೊತ್ತಾಗದ ಬಯ್ಗುಳ ತಿಂದರು. ಗಾಡಿ ಕುಲುಕಿದಾಗಲೆಲ್ಲ ಮಗುವಿನ ಗಂಟಲ ಸದ್ದು ಜೋರಾಗುತ್ತಿತ್ತು. ಆ ಸದ್ದಿನ ನಡುವೆ ಒಂದು ಯೋಚನೆ ಬಂದು ನನ್ನನ್ನು ಇನ್ನಷ್ಟು ಕುಗ್ಗಿಸಿತು. ಡಾಕ್ಟರೇ ಹೇಳಿದ ಮೇಲೆ ಇನ್ನು ಅತ್ತೆಯ ಎದುರು ನಾನು ಬಾಯಿ ತೆರೆಯುವ ಹಾಗಿಲ್ಲ ಎಂದು. ಮಗು ಮಡಿಲಲ್ಲಿ ಒದ್ದಾಡುತ್ತಿರುವಾಗಲೂ ಇಂಥ ಯೋಚನೆ ಬರುತ್ತದೆ, ಏನು ಮಾಡುವುದು.

ಅತ್ತೆ ಊರ ಮುಂದಿನವರೆಗೂ ಬಂದು ಕಾಯುತ್ತಿದ್ದರು. ಮಾವ ಗಾಡಿಯಿಂದ ಇಳಿಯುವ ಮೊದಲೇ ಹೇಳಿದರು. "ನಿನ್ನ ಸೊಪ್ಪೇ ಕಣೆ. ದೊಡ್ಡಪತ್ರೆ ಆಕಿ ಅಂದ್ರು. ನಿನ್ನೇ ಡಾಕುಟ್ರು ಮಾಡಿದ್ರೆ ನನ್ನೆತ್ತುಗೊಳ್ಗೆ ಈ ದಣಿವಾದ್ರೂ ತಪ್ತಿತ್ತು."

ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ಅತ್ತೆ ನನ್ನ ಕಡೆ ತಿರುಗಿದರು.

"ಗಂಟ್ಲು ನೋಡುದ್ರಾ ಅವ್ರು?"

"ನೋಡುದ್ರು ಅತ್ತೆ. ಬಿಸಿಲಿಗೆ ತಿರುಗಿಸಿ ನೋಡುದ್ರು."

"ಗಂಟ್ಲು ನೋಡ್ಬುಟ್ಟು ಈ ಸೊಪ್ಪು ಯೋಳುದ್ರಾ? ಆಗಾಕಿಲ್ಲ. ನನ್ನ ಸೊಪ್ಪು ನಂಗೊತ್ತಿಲ್ವಾ."

ಹಾಗೆಂದವರು ಮಾವನ ಎದುರಿಗೆ, ಅವರಿಗೆ ತುಟಿ ಕಾಣುವ ಹಾಗೆ ನಿಂತುಕೊಂಡು, ದನಿ ಎತ್ತರಿಸಿ ಕೇಳಿದರು. "ಡಾಕುಟ್ರ ಬಾಯಿಂದ ಯಂಗೆ ಬಂತೋ ಅಂಗೇ ಯೋಳಿ. ನೀವೇನೂ ಸೇರುಸ್ಬೇಡಿ."

ಮಾವನಿಗೆ ರೇಗಿತು. "ನಾನ್ಯಾಕೆ ಸೇರುಸ್ಲಿ? ತಡ ಮಾಡ್ಬೇಡಿ ಯಜಮಾನ್ರೆ, ಇವತ್ತೇ ದೊಡ್ಡಪತ್ರೆಗೆ ಆಕ್ಬುಡಿ ಅಂದ್ರು. ಇನ್ನೆಂಗೆ ಯೋಳ್ಬೇಕು?"

ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದೆ. ದೊಡ್ಡಪತ್ರೆಗೆ. ಆ ಮಾತು ನನ್ನ ಕಿವಿಯಲ್ಲಿ ಎಡವಿತು. ಮಗುವಿಗೆ ದೊಡ್ಡಪತ್ರೆ ಹಾಕುತ್ತಾರೆ, ಎಲ್ಲರೂ ಹಾಕುತ್ತಾರೆ. ಮಗುವನ್ನು ದೊಡ್ಡಪತ್ರೆಗೆ ಹಾಕುವುದು ಎಂದರೇನು? ಯಾರನ್ನಾದರೂ ಎಲ್ಲಿಗಾದರೂ ಹಾಕುವುದಾದರೆ ಅದು ಒಂದೇ ಕಡೆಗೆ.

"ದೊಡ್ಡಪತ್ರೆ ಅಲ್ಲ ಅತ್ತೆ, ದೊಡ್ಡಾಸ್ಪತ್ರೆ. ಮೈಸೂರಿನ ದೊಡ್ಡಾಸ್ಪತ್ರೆಗೆ ಹಾಕಿ ಅಂದಿದ್ದಾರೆ" ಎಂದೆ.

ಅತ್ತೆ ಮನೆಗೆ ಓಡಿದರು. ಒಳಗೆ ಹೋಗಿ ಕಂಬಳಿ ತಂದರು. ಅವರಿಗೆ ಸೊಪ್ಪಿನ ಗುಣದಿಂದ ಗೊತ್ತಾದದ್ದು ನನಗೆ ಮಾತಿನ ಬಾಲದಿಂದ ಗೊತ್ತಾಗಿತ್ತು. ನಾವಿಬ್ಬರೂ ಜಗಳವಿಲ್ಲದೆ ಒಂದೇ ಕಡೆ ನಿಂತದ್ದು ಅದೇ ಮೊದಲು.

ಮಾವ ನಮ್ಮಿಬ್ಬರ ಮುಖವನ್ನೂ ನೋಡಿದರು. ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಬಯ್ಯುತ್ತಾರೆ ಎಂದು ನಾನು ಕಾದಿದ್ದೆ. ಬಯ್ದರೆ ತಿರುಗಿ ಬಯ್ಯಲು ನಾನೂ ಸಿದ್ಧವಾಗಿದ್ದೆ. ಅವರು ತಗ್ಗಿದ ದನಿಯಲ್ಲಿ, "ನಂಗೆ ಕೇಳಿಸ್ಲಿಲ್ಲ ಕಣವ್ವ" ಎಂದರು. ಆ ಮಾತನ್ನು ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಮ್ಮ ಎತ್ತುಗಳು ದಣಿದಿದ್ದವು. ಮಾವ ಪಕ್ಕದ ಮನೆಯವರ ಜೋಡಿಯನ್ನು ಕೇಳಿ ತಂದು ತಾವೇ ಗಾಡಿ ಕಟ್ಟಿದರು.

ಈಗಿನ ಪಾಂಡವಪುರವನ್ನು ಆಗ ನಾವು ಹಿರೋಡೆ ಎನ್ನುತ್ತಿದ್ದೆವು. ಮೈಸೂರಿಗೆ ರೈಲು ಹಿಡಿಯಬೇಕಾದರೆ ಅಲ್ಲಿಗೇ ಹೋಗಬೇಕು. ಗಾಡಿಯಲ್ಲಿ ಆ ದಾರಿಯನ್ನು ಹೇಗೆ ಕಳೆದೆವೆಂದು ನಾನು ಬರೆಯಲಾರೆ. ಬೆಳಗಿನ ರೈಲು ಬಂತು, ಹತ್ತಿದೆವು. ಮಾವ ನಮ್ಮಿಂದ ದೂರ, ಬಾಗಿಲ ಹತ್ತಿರ ಕೂತರು. ಮಗುವನ್ನು ಮಲಗಿಸಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಅದಕ್ಕೆ ಅತ್ತೆ ತಮ್ಮ ಎದೆಗೆ ಒರಗಿಸಿ ಕೂರಿಸಿಕೊಂಡಿದ್ದರು. ರೈಲಿನ ಗಡಗಡದ ಮೇಲೂ ಆ ಕಿರುಗುಟ್ಟುವ ಸದ್ದು ಕೇಳುತ್ತಿತ್ತು. ಅದು ಕೇಳುತ್ತಿರುವುದೇ ನನಗೆ ಧೈರ್ಯವಾಗಿತ್ತು.

ಶ್ರೀರಂಗಪಟ್ಟಣ ಬಂತು. ಸ್ಟೇಷನ್ನಿನಿಂದ ನಡೆದರೆ ನಮ್ಮ ಮನೆ. ಅಮ್ಮ ಆ ಹೊತ್ತಿಗೆ ಹೊಳೆಯಿಂದ ನೀರು ತರುತ್ತಿರಬೇಕು. ಇಳಿದು ಓಡಿಹೋಗಿ ಅವಳ ಮಡಿಲಲ್ಲಿ ಮುಖ ಹುದುಗಿಸಬೇಕು ಎನ್ನಿಸಿತು. ಇಳಿಯುವ ಹಾಗಿರಲಿಲ್ಲ. ರೈಲು ಹೊಳೆಯ ಸೇತುವೆ ದಾಟುವಾಗ ನಾನು ತಲೆ ಬಗ್ಗಿಸಿಕೊಂಡು ಕಣ್ಣೀರು ಹಾಕಿದೆ. ನೀರಿನ ಕಡೆ ನೋಡಲು ಮನಸ್ಸಾಗಲಿಲ್ಲ.

ಅತ್ತೆ ನನ್ನನ್ನು ಸಮಾಧಾನ ಮಾಡಲಿಲ್ಲ. ಕಿಟಕಿಯ ಕಡೆ ನೋಡುತ್ತಲೇ, "ನಿನ್ ಗಂಡನ್ಗಿಂತ ಮುಂಚೆ ನಂಗೊಬ್ಳು ಮಗ್ಳಿದ್ಲು" ಎಂದರು.

ನನಗೆ ಅದು ಗೊತ್ತೇ ಇರಲಿಲ್ಲ. ಅಷ್ಟು ವರ್ಷ ಆ ಮನೆಯಲ್ಲಿದ್ದರೂ ಯಾರೂ ಒಂದು ಸಲವೂ ಹೇಳಿರಲಿಲ್ಲ.

"ಇವ್ಳಷ್ಟೇ ಇದ್ಲು. ಇದೇ ಸದ್ದು ಕಣಮ್ಮಿ. ನಾನು ಕಫ ಅಂದ್ಕಂಡೆ. ಸೊಪ್ಪು ಇಂಡಿ ಇಂಡಿ ಆಕ್ದೆ. ಬೆಳಗಿಂಜಾವ ಸದ್ದು ನಿಂತೋಯ್ತು. ಸೊಪ್ಪು ಕೆಲ್ಸ ಮಾಡ್ತು, ವಾಸಿ ಆಯ್ತು ಅಂತ ನಂಗೆ ಎಂಥ ಸಂತೋಸ ಅಂತೀಯ. ಅವ್ಳ ಪಕ್ಕದಲ್ಲೇ ನಾನೂ ಮನೀಕ್ಕಂಡೆ. ನಿದ್ದೆ ಬಂದ್ಬುಡ್ತು. ಬೆಳಕರ್ದ್ಮೇಲೆ ಎದ್ದು ಮೈ ಮುಟ್ತೀನಿ…" ಎಂದು ನಿಲ್ಲಿಸಿದರು. ಮಗುವಿನ ಕಂಬಳಿ ಸರಿಮಾಡಿ, "ನಿಮ್ಮಾವ ಆ ಮಾತೇ ಎತ್ತಾಕಿಲ್ಲ" ಎಂದರು.

ಯಾರೇ ಬಂದರೂ ಮೊದಲು ಅವರ ಕೆಮ್ಮು ಕೇಳುತ್ತಿದ್ದದ್ದು ಯಾಕೆ ಎಂದು ನನಗೆ ಆಗ ತಿಳಿಯಿತು. ನಾನು ಅವರ ಸೆರಗನ್ನು ಹಿಡಿದುಕೊಂಡು ಕೂತೆ. ಅದರಲ್ಲಿ ದೊಡ್ಡಪತ್ರೆಯ ವಾಸನೆ ಇದ್ದೇ ಇತ್ತು. ಅವತ್ತು ಅದು ನನಗೆ ಕೆಟ್ಟದ್ದೆನಿಸಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ನೋಡಿದ ತಕ್ಷಣ ಗಂಟಲಮಾರಿ ಎಂದರು. ಗಂಟಲಲ್ಲಿ ಪೊರೆ ಕಟ್ಟಿ ಉಸಿರಿನ ದಾರಿ ಮುಚ್ಚುತ್ತಿದೆ, ನಿನ್ನೆಯೇ ಬಂದಿದ್ದರೆ ಒಳ್ಳೆಯದಿತ್ತು ಎಂದರು. ಮಾವ ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಗೋಡೆಯ ಕಡೆ ತಿರುಗಿ ನಿಂತರು. ಮಗುವಿನ ತೊಡೆಗೆ ದೊಡ್ಡ ಸೂಜಿ ಚುಚ್ಚಿದರು. ಮದ್ದು ಹತ್ತಿದರೆ ಪೊರೆ ತಾನಾಗಿ ಸಡಿಲವಾಗುತ್ತದೆ, ಇಲ್ಲದಿದ್ದರೆ ಕತ್ತಿನ ಹತ್ತಿರ ಕೊಯ್ದು ಉಸಿರಿಗೆ ದಾರಿ ಮಾಡಬೇಕಾಗುತ್ತದೆ, ಆಮೇಲೆ ದೇವರಿಚ್ಛೆ ಎಂದು ಡಾಕ್ಟರು ಮುಚ್ಚಿಡದೆ ಹೇಳಿದರು. ಮಗುವಿನ ಹತ್ತಿರ ಒಬ್ಬರೇ ಇರಬೇಕೆಂದು ಕಟ್ಟುಮಾಡಿದರು. ನಾನೂ ಅತ್ತೆಯೂ ಸರದಿಯ ಮೇಲೆ ಕೂತೆವು. ಸದ್ದು ಹಾಗೇ ಇತ್ತು. ತುಟಿ ನೀಲಿಗಟ್ಟಿತ್ತು. ಮಾವ ಹೊರಗಿನ ಬೇವಿನ ಮರದ ಕೆಳಗೆ ಕಂಬಳಿ ಹೊದ್ದು ಕೂತವರು ಏಳಲೇ ಇಲ್ಲ.

ಮಾರನೆಯ ದಿನ ಬಿಸಿಲೇರಿದ ಮೇಲೆ ಅತ್ತೆ ಬಂದು, ನೀ ಹೋಗಿ ಮುಖ ತೊಳೆದುಕೋ, ನಾ ಕೂರ್ತೀನಿ ಎಂದರು. ನಾನು ಮಗುವಿನ ಬಟ್ಟೆಗಳನ್ನೂ ಎತ್ತಿಕೊಂಡು ಅಂಗಳದ ನಲ್ಲಿಗೆ ಹೋದೆ. ಬಟ್ಟೆ ಹಿಂಡುತ್ತಿದ್ದೆ, ಒಳಗಿನಿಂದ ಅತ್ತೆ ಕೂಗಿಕೊಂಡದ್ದು ಕೇಳಿಸಿತು. ಅಂಥ ಕೂಗನ್ನು ನಾನು ಸಾವಿನ ಮನೆಗಳಲ್ಲಿ ಮಾತ್ರ ಕೇಳಿದ್ದೆ. ಹೇಗೆ ಓಡಿದೆನೋ ಗೊತ್ತಿಲ್ಲ, 'ನನ್ನ ಕಂದ' ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದೆನಂತೆ.

ಅತ್ತೆ ಮಂಚದ ಕೆಳಗೆ ಕುಸಿದು ಕೂತು ಎದೆ ಬಡಿದುಕೊಳ್ಳುತ್ತಿದ್ದರು. "ನಿಂತೋಯ್ತು, ಸದ್ದು ನಿಂತೋಯ್ತು" ಎನ್ನುತ್ತಿದ್ದರು. ಹೌದು, ಆ ಕಿರುಗುಟ್ಟುವ ಸದ್ದು ಇರಲಿಲ್ಲ. ನನ್ನ ಕಾಲು ಬಾಗಿಲಲ್ಲೇ ನಿಂತುಬಿಟ್ಟಿತು. ನರ್ಸಮ್ಮ ನನ್ನನ್ನು ಸರಿಸಿಕೊಂಡು ಒಳಗೆ ಹೋಗಿ ಮಗುವಿನ ಮೇಲೆ ಬಗ್ಗಿದರು. ನಾನು ಮಗುವನ್ನು ನೋಡಲಾರದೆ ಅವರ ಬೆನ್ನನ್ನು ನೋಡುತ್ತಿದ್ದೆ. ಅವರು ತಿರುಗಿ ಅತ್ತೆಯನ್ನು ಗದರಿದರು.

"ಏನಮ್ಮ ನೀನು, ಗಂಟಲ ಪೊರೆ ಬಿಟ್ಟು ಈಗ ತಾನೇ ನಿದ್ದೆ ಹತ್ತಿದೆ ಮಗುವಿಗೆ. ಎಬ್ಬಿಸಿಬಿಡ್ತೀಯ ನೋಡು."

ನಾನು ಹತ್ತಿರ ಹೋದೆ. ತುಟಿಗೆ ಬಣ್ಣ ಬಂದಿತ್ತು. ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು, ಸದ್ದಿಲ್ಲದೆ. ಅತ್ತೆಗೆ ಆ ಮಾತು ಯಾವುದೂ ಕಿವಿಗೆ ಬಿದ್ದಿರಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಅದನ್ನೇ ಹೇಳುತ್ತಿದ್ದರು. ನಾನು ಅವರ ರಟ್ಟೆ ಹಿಡಿದು ಎಬ್ಬಿಸಿ, ಅವರ ಕೈಯನ್ನು ಎಳೆದು ಮಗುವಿನ ಹೊಟ್ಟೆಯ ಮೇಲೆ ಇಟ್ಟೆ. "ಉಸಿರಾಡ್ತಿದ್ದಾಳೆ ಅತ್ತೆ. ಮಲಗಿದ್ದಾಳೆ, ಅಷ್ಟೆ" ಎಂದೆ.

ಅವರು ಕಣ್ಣು ಬಿಟ್ಟರು. ತಮ್ಮ ಕೈ ಏರುವುದನ್ನೂ ಇಳಿಯುವುದನ್ನೂ ನೋಡಿದರು. ಅದನ್ನೂ ನಂಬದೆ ಬಗ್ಗಿ ಎದೆಗೆ ಕಿವಿಯಿಟ್ಟರು. ನರ್ಸಮ್ಮ ಅತ್ತ ಹೋಗಿ ಇತ್ತ ಬಂದರೂ ಅವರು ಕಿವಿ ತೆಗೆಯಲಿಲ್ಲ. ಕೊನೆಗೆ ಮುಖ ಎತ್ತಿ ನನ್ನನ್ನು ನೋಡಿದರು. ಏನೂ ಅರಿಯದ ಮಗುವಿನ ಹಾಗೆ ಕೇಳಿದರು.

"ಸದ್ದು ನಿಂತ್ಮೇಲೂ ಮಕ್ಳು ಉಳೀತಾವಾ?"

ನಾನು ಹೂಂ ಎಂದೆ.